6 ಸಾವಿರದ ಸೈಕಲ್ಲಿಗೆ ವರ್ಷಕ್ಕೆ 2 ಸಾವಿರ ಯಾಕೆ?

(ವಿಶ್ವ ಸೈಕಲ್ ದಿನದ ಹೊತ್ತಿಗೆ ದಾವಣಗೆರೆಯಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಒಂದಷ್ಟು ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ಸೈಕಲ್ ದಿನ ಅಂತ ಗೊತ್ತು ಮಾಡಿತು. ಅಲ್ಲಿಂದ ಪ್ರತಿ ವರ್ಷ ಈ ದಿನ ಆರೋಗ್ಯ, ಪರಿಸರ, ಟ್ರಾಫಿಕ್ ಬಗ್ಗೆ ಭಾಷಣ ಆಗುತ್ತಲೇ ಇದೆ. ಅವನ್ನೆಲ್ಲ ನೀವು ಕೇಳಿದ್ದೀರಿ. ನಾನು ಲೆಕ್ಕ ಬರೆಯುವ ಕೆಲಸದಲ್ಲಿದ್ದವನು, ಸೈಕಲ್ಲನ್ನೂ ಆ ಕಣ್ಣಿನಿಂದಲೇ ನೋಡುತ್ತೇನೆ. ಇವತ್ತು ಖರ್ಚಿನ ಬಗ್ಗೆ ಮಾತಾಡೋಣ. ಅದರಲ್ಲೂ ಕೊಂಡ ಮೇಲೆ ಬರುವ ಖರ್ಚಿನ ಬಗ್ಗೆ.

ಸೈಕಲ್ ಅಂದರೆ ಪುಕ್ಕಟೆ ಸವಾರಿ ಅನ್ನುವ ನಂಬಿಕೆ ನಮ್ಮಲ್ಲಿದೆ. ಪೆಟ್ರೋಲ್ ಬೇಡ, ಇನ್ಶೂರೆನ್ಸ್ ಬೇಡ, ಲೈಸೆನ್ಸ್ ಬೇಡ. ಹಿಂದೆ ಪುರಸಭೆಯವರು ಸೈಕಲ್ಲಿಗೂ ತೆರಿಗೆ ಹಾಕಿ ಒಂದು ಬಿಲ್ಲೆ ಕೊಡುತ್ತಿದ್ದರು, ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಈಗ ಅದೂ ಇಲ್ಲ. ಹಾಗಾಗಿ ಸೈಕಲ್ ಕೊಳ್ಳುವಾಗ ಮುಂದಿನ ಖರ್ಚಿಗೆ ಅಂತ ಯಾರೂ ಒಂದು ರೂಪಾಯಿ ತೆಗೆದಿಡುವುದಿಲ್ಲ. ಆಮೇಲೆ ಅಂಗಡಿಯಲ್ಲಿ ಓವರಾಯಿಲಿಂಗಿಗೆ, ಅಂದರೆ ಬಿಚ್ಚಿ ತೊಳೆದು ಗ್ರೀಸ್ ತುಂಬುವುದಕ್ಕೆ, 600 ಅಂದರೆ ಎದೆ ಧಸಕ್ ಅನ್ನುತ್ತದೆ.

ಒಂದು ಲೆಕ್ಕ ಮಾಡೋಣ. ಗೇರ್ ಇಲ್ಲದ, 26 ಇಂಚಿನ ಸಾದಾ ಸೈಕಲ್. ಮನೆಯಿಂದ ಕೆಲಸಕ್ಕೆ 4 ಕಿಲೋಮೀಟರ್, ವಾಪಸ್ 4. ತಿಂಗಳಿಗೆ 25 ದಿನ ಅಂದುಕೊಂಡರೆ 200 ಕಿಲೋಮೀಟರ್. ವರ್ಷಕ್ಕೆ 2,400. ಈಗ ನಮ್ಮ ಕಡೆಯ ದರ ಹಿಡಿದು ಹೇಳುತ್ತೇನೆ, ನಿಮ್ಮೂರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಪಂಕ್ಚರ್ ವರ್ಷಕ್ಕೆ ಆರು, ಒಂದಕ್ಕೆ 40ರಂತೆ 240. ಒಂದು ಟ್ಯೂಬ್ 150. ಟೈರ್ ಜೋಡಿ 800, ಎರಡು ವರ್ಷ ಬಾಳಿದರೆ ವರ್ಷಕ್ಕೆ 400. ಬ್ರೇಕ್ ರಬ್ಬರ್ ಎರಡು ಸಲ, 200. ಚೈನ್ ಎರಡು ವರ್ಷಕ್ಕೊಮ್ಮೆ, ಅಂದರೆ ವರ್ಷಕ್ಕೆ 100. ಎಣ್ಣೆ, ಗ್ರೀಸ್ 100. ವರ್ಷಕ್ಕೊಂದು ಓವರಾಯಿಲಿಂಗ್ 600. ಬ್ರೇಕ್ ವೈರು ಮತ್ತು ಚಿಲ್ಲರೆ 100. ಪೆಡಲ್, ಸ್ಟ್ಯಾಂಡ್, ಸೀಟು ಇವುಗಳಲ್ಲಿ ಯಾವುದಾದರೂ ಒಂದು ಹೋಗಿಯೇ ಹೋಗುತ್ತದೆ, ಅದಕ್ಕೆ 200. ಎಲ್ಲ ಕೂಡಿದರೆ 2,090 ರೂಪಾಯಿ.

ಸೈಕಲ್ ಕೊಂಡಿದ್ದು 6 ಸಾವಿರಕ್ಕೆ ಅನ್ನಿ. ವರ್ಷದ ಖರ್ಚು ಬೆಲೆಯ ಮೂರನೇ ಒಂದು ಭಾಗ! ಹೀಗೆ ನೋಡಿದರೆ ಯಾರಿಗಾದರೂ ಇದು ದಂಡ ಅನ್ನಿಸುತ್ತದೆ. ಈಗ ಅದೇ 2,090ನ್ನು 2,400 ಕಿಲೋಮೀಟರಿಗೆ ಹಂಚಿ. ಕಿಲೋಮೀಟರಿಗೆ 87 ಪೈಸೆ. ಸ್ಕೂಟರಿಗೆ ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ ಬರೀ ಪೆಟ್ರೋಲಿಗೇ ಕಿಲೋಮೀಟರಿಗೆ 2 ರೂಪಾಯಿ ಮೇಲೆ. ಅದರ ಸರ್ವಿಸ್ಸು, ಟೈರು, ಇನ್ಶೂರೆನ್ಸು ಲೆಕ್ಕಕ್ಕೇ ಹಿಡಿದಿಲ್ಲ.

ನನ್ನ ಇವತ್ತಿನ ಮಾತೆಲ್ಲ ಇಷ್ಟೇ: ಸೈಕಲ್ಲಿನ ಖರ್ಚನ್ನು ನಾವು ಸೈಕಲ್ಲಿನ ಬೆಲೆಯ ಪಕ್ಕ ಇಟ್ಟು ಅಳೆಯುತ್ತೇವೆ. ಅದು ಮಾಡಿಕೊಡುವ ಕೆಲಸದ ಪಕ್ಕ ಇಟ್ಟು ನೋಡುವುದಿಲ್ಲ. ಲಕ್ಷ ರೂಪಾಯಿಯ ಸ್ಕೂಟರಿಗೆ ಸರ್ವಿಸ್ ಬಿಲ್ 2,500 ಬಂದರೆ ಚಕಾರ ಎತ್ತದೆ ಕೊಡುವವರು, ಹಳೇ ಸೈಕಲ್ಲಿಗೆ 300 ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಎರಡೂ ನಮ್ಮನ್ನು ಒಯ್ಯುವುದು ಅದೇ ಆಫೀಸಿಗೆ, ಅಲ್ವಾ? ಇಷ್ಟು ತಪ್ಪು ಅಳತೆಯಿಂದ ಏನೇನು ಹಾಳಾಗುತ್ತದೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಗಾಳಿ. ಖರ್ಚಿನ ಅರ್ಧ ಕಥೆ ಇದೇ. ಟ್ಯೂಬಿನ ರಬ್ಬರ್ ಎಷ್ಟೇ ಒಳ್ಳೆಯದಿರಲಿ, ಅದರ ಮೂಲಕ ಗಾಳಿ ನಿಧಾನಕ್ಕೆ ಹೊರಗೆ ಹೋಗುತ್ತಲೇ ಇರುತ್ತದೆ. ಪಂಕ್ಚರ್ ಆಗದಿದ್ದರೂ ಎರಡು ವಾರದಲ್ಲಿ ಚಕ್ರ ಮೆತ್ತಗಾಗುತ್ತದೆ. ಮೆತ್ತಗಿದ್ದ ಚಕ್ರ ಹೊಂಡಕ್ಕೆ ಬಿದ್ದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಆಗ ಪಕ್ಕಪಕ್ಕದಲ್ಲಿ ಎರಡು ಸೀಳು ಬೀಳುತ್ತವೆ. ಟ್ಯೂಬನ್ನು ನೀರಿಗೆ ಅದ್ದಿದಾಗ ಜೋಡಿ ತೂತು ಕಂಡರೆ ರಸ್ತೆಯನ್ನು ಬೈಯಬೇಡಿ, ಗಾಳಿ ಕಡಿಮೆ ಇತ್ತು ಅಂತ ತಿಳಿದುಕೊಳ್ಳಿ.

ತೂತು ಎಲ್ಲಿದೆ ಅನ್ನುವುದರಲ್ಲೇ ಕಾರಣವೂ ಇರುತ್ತದೆ. ಟ್ಯೂಬಿನ ಹೊರಮೈಯಲ್ಲಿದ್ದರೆ ಮುಳ್ಳೋ ಮೊಳೆಯೋ. ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ಸ್ಪೋಕಿನ ತುದಿ ಚುಚ್ಚಿದೆ. ರಿಮ್ ಟೇಪ್, ಅಂದರೆ ಸ್ಪೋಕಿನ ತುದಿಗಳನ್ನು ಮುಚ್ಚುವ ಪಟ್ಟಿ, ಹರಿದಿದೆ ಅಥವಾ ಸರಿದಿದೆ ಅಂತ ಅರ್ಥ. ಆ ಟೇಪ್ ಬದಲಾಯಿಸದೆ ಹತ್ತು ಪ್ಯಾಚ್ ಹಾಕಿದರೂ ಹನ್ನೊಂದನೆಯದು ಬರುತ್ತದೆ. ವಾಲ್ವಿನ ಬುಡದಲ್ಲೇ ಕಿತ್ತಿದ್ದರೆ ಪ್ಯಾಚ್ ಕೂರುವುದಿಲ್ಲ, ಟ್ಯೂಬೇ ಹೋಯಿತು. ಇದೂ ಬಹಳ ಸಲ ಗಾಳಿ ಕಡಿಮೆ ಇರುವಾಗ ಓಡಿಸಿದ್ದರ ಫಲ. ಟೈರು, ಟ್ಯೂಬು ರಿಮ್ಮಿನ ಮೇಲೆ ಜಾರುತ್ತವೆ, ವಾಲ್ವ್ ಮಾತ್ರ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ, ಕೊನೆಗೆ ಬುಡ ಹರಿಯುತ್ತದೆ.

ನಮ್ಮ ಬಯಲುಸೀಮೆಯವರಿಗೆ ಇನ್ನೊಂದು ಶತ್ರು ಇದೆ, ಬಳ್ಳಾರಿ ಜಾಲಿ. ದಾವಣಗೆರೆಯಿಂದ ಚಿತ್ರದುರ್ಗ, ಬಳ್ಳಾರಿ, ರಾಯಚೂರುವರೆಗೆ ರಸ್ತೆ ಪಕ್ಕದಲ್ಲಿ ಅದೇ. ಬೇಲಿ ಕಡಿದ ದಿನವಂತೂ ಕೇಳುವುದೇ ಬೇಡ. ಆ ಮುಳ್ಳು ಟೈರಿನೊಳಗೆ ಮುರಿದುಕೊಂಡು ಕೂರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ, ಟೈರಿನ ಒಳಗೆ ಬೆರಳಾಡಿಸದೆ ಏರಿಸಿದರೆ ಮಾರನೇ ದಿನ ಮತ್ತೆ ಅದೇ ಜಾಗದಲ್ಲಿ ಪಂಕ್ಚರ್. ಅನುಭವ ಇರುವ ಮೆಕ್ಯಾನಿಕ್ ಟೈರಿನ ಒಳಸುತ್ತು ಪೂರ್ತಿ ಬೆರಳಾಡಿಸುತ್ತಾನೆ. ಸಲ್ಯೂಷನ್ ಅನ್ನುವ ಅಂಟು ಹಚ್ಚಿದ ಮೇಲೆ ಅದು ಒಣಗುವವರೆಗೆ ಕಾಯುತ್ತಾನೆ, ಹಸಿ ಇರುವಾಗಲೇ ಪ್ಯಾಚ್ ಒತ್ತುವುದಿಲ್ಲ. 40 ರೂಪಾಯಿ ಕೊಡುವುದು ಈ ಕಾಯುವಿಕೆಗೆ. 'ಬೇಗ ಮಾಡಪ್ಪಾ' ಅಂತ ಅವನ ತಲೆ ಮೇಲೆ ನಿಂತುಕೊಳ್ಳುವವರೇ ವಾರದೊಳಗೆ ಮತ್ತೆ ಬರುತ್ತಾರೆ.

ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಗಾಳಿಯ ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕದಲ್ಲಿ. ಸಾದಾ ಟೈರುಗಳಲ್ಲಿ ಹೆಚ್ಚಾಗಿ 40ರಿಂದ 65 ಪಿಎಸ್‌ಐ ಒಳಗೆ. ಅದನ್ನು ಓದಲು ಕನ್ನಡಕ ಬೇಕಾಗುತ್ತದೆ, ಅದು ಬೇರೆ ಮಾತು. ಕಾರಿಗೆ ಇರುವಂಥ ದಪ್ಪ ವಾಲ್ವ್ ನಿಮ್ಮ ಟ್ಯೂಬಿಗಿದ್ದರೆ ಪೆಟ್ರೋಲ್ ಬಂಕಿನಲ್ಲೂ ತುಂಬಿಸಬಹುದು, ಅಲ್ಲಿ ಗಾಳಿಗೆ ದುಡ್ಡಿಲ್ಲ. ಆದರೆ ಸೈಕಲ್ ಟ್ಯೂಬ್ ಸಣ್ಣದು, ಯಂತ್ರದ ರಭಸ ದೊಡ್ಡದು. ಒಂದೊಂದೇ ಪುಸ್ ಪುಸ್ ಅಂತ ಬಿಟ್ಟು ಬಿಟ್ಟು ತುಂಬಿಸಿ, ಇಲ್ಲದಿದ್ದರೆ ಟ್ಯೂಬ್ ಒಡೆಯುತ್ತದೆ. ಹಳೇ ಮಾದರಿಯ ವಾಲ್ವ್ ಇದ್ದರೆ ಒಳಗಿನ ಸಣ್ಣ ರಬ್ಬರ್ ಕೊಳವೆ, ಅದೇ ವಾಲ್ವ್ ಟ್ಯೂಬು, ಬಿಸಿಲಿಗೆ ಕೊಳೆತು ಸೋರುತ್ತದೆ. ಒಂದೆರಡು ರೂಪಾಯಿಯ ವಸ್ತು. ಅದು ಹೋಗಿದ್ದನ್ನು ಪಂಕ್ಚರ್ ಅಂದುಕೊಂಡು ಸೈಕಲ್ ತಳ್ಳಿಕೊಂಡು ಬರುವವರು ಎಷ್ಟೋ ಜನ. ಮನೆಯಲ್ಲಿ ಒಂದು ನಿಲ್ಲಿಸಿ ಒತ್ತುವ ಪಂಪ್ ಇಟ್ಟುಕೊಳ್ಳಿ. ಸೈಕಲ್ಲಿಗೆ ಮಾಡುವ ಖರ್ಚಿನಲ್ಲಿ ಬೇಗ ವಾಪಸ್ ಬರುವ ದುಡ್ಡು ಇದೊಂದೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಟೈರಿನ ಬಗ್ಗೆ ಒಂದೇ ಮಾತು. ಹಿಂದಿನದು ಮುಂದಿನದಕ್ಕಿಂತ ಬೇಗ ಸವೆಯುತ್ತದೆ, ಯಾಕೆಂದರೆ ಭಾರವೂ ಅದರ ಮೇಲೆ, ಎಳೆತವೂ ಅದರದ್ದೇ. ಹಿಂದಿನದು ಸವೆದಾಗ ಮುಂದಿನ ಟೈರನ್ನು ಹಿಂದಕ್ಕೆ ಹಾಕಿಸಿ ಹೊಸದನ್ನು ಮುಂದಕ್ಕೆ ಹಾಕಿಸಿ. ಮುಂದಿನ ಟೈರು ಸಿಡಿದರೆ ಬೀಳುವ ಸಂಭವ ಹೆಚ್ಚು, ಅದಕ್ಕೇ ಒಳ್ಳೆಯದು ಮುಂದೆ ಇರಲಿ.

ಈಗ ಚೈನು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮುಂದೂಡಿದರೆ ಖರ್ಚು ಹೇಗೆ ಬೆಳೆಯುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಗೇರ್ ಇರಲಿ ಬಿಡಲಿ, ಬಹುತೇಕ ಎಲ್ಲ ಸೈಕಲ್ಲಿಗೂ ಇದೇ ಅಳತೆ. ಹಾಗಾಗಿ ಶಾಲಾ ಮಕ್ಕಳ ಒಂದು ಅಡಿಯ ಸ್ಕೇಲ್ ಸಾಕು. ಸೊನ್ನೆಯನ್ನು ಒಂದು ಪಿನ್ನಿನ ಮಧ್ಯಕ್ಕೆ ಇಡಿ. ಹೊಸ ಚೈನಾದರೆ 12 ಇಂಚಿನ ಗೆರೆ ಆ ಪಿನ್ನು ಬಿಟ್ಟು ಮುಂದಿನ ಇಪ್ಪತ್ತನಾಲ್ಕನೇ ಪಿನ್ನಿನ ಮೇಲೆ ಸರಿಯಾಗಿ ಕೂರುತ್ತದೆ. ಓಡಿಸಿದ ಹಾಗೆ ಪಿನ್ನುಗಳು ಸವೆದು ಚೈನು ಉದ್ದವಾಗುತ್ತದೆ. 12 ಇಂಚಿಗಿಂತ ಒಂದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಾಯಿಸುವ ಹೊತ್ತು ಬಂತು. ಎಂಟನೇ ಒಂದು ಭಾಗ ಹೋಗಿದ್ದರೆ ಹೊತ್ತು ಮೀರಿತು. ಉದ್ದವಾದ ಚೈನು ಹಲ್ಲುಗಳ ಮಧ್ಯೆ ಸರಿಯಾಗಿ ಕೂರದೆ ಅವನ್ನು ಕೊರೆಯುತ್ತಾ ಬರುತ್ತದೆ. ಆಗ ಹೊಸ ಚೈನ್ ಹಾಕಿದರೂ ಅದು ಹಳೇ ಹಲ್ಲಿನ ಮೇಲೆ ಜಾರುತ್ತದೆ. ಚೈನಿನ ಜೊತೆ ಫ್ರೀವೀಲೂ, ಅಂದರೆ ಹಿಂದಿನ ಹಲ್ಲುಚಕ್ರವೂ, ಹೋಯಿತು. ಇನ್ನೂ ಬಿಟ್ಟರೆ ಮುಂದಿನ ಹಲ್ಲುಚಕ್ರವೂ ಅದರ ಹಿಂದೆ ಹೋಗುತ್ತದೆ. 200 ರೂಪಾಯಿಯ ಕೆಲಸ ಮುಟ್ಟದೆ ಬಿಟ್ಟದ್ದು 700-800ಕ್ಕೆ ನಿಲ್ಲುತ್ತದೆ. ಅಷ್ಟು ದುಡ್ಡು ಕೇಳಿದಾಗ ಜನ ಏನನ್ನುತ್ತಾರೆ? 'ಇಷ್ಟು ಹಳೇ ಸೈಕಲ್ಲಿಗೆ ಅಷ್ಟು ಯಾಕೆ?' ಮತ್ತೆ ಅದೇ ಅಳತೆ.

ಎಣ್ಣೆಯ ವಿಷಯದಲ್ಲಿ ನಮ್ಮವರು ಧಾರಾಳಿಗಳು. ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಸುರಿಯುತ್ತಾರೆ, ಅದು ಕೆಲವು ದಿನಕ್ಕೆ ಅಂಟಾಗುತ್ತದೆ. ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಹಾಕಿಸುತ್ತಾರೆ, ಅದರಲ್ಲಿ ಮೊದಲೇ ಲೋಹದ ಪುಡಿ ತುಂಬಿರುತ್ತದೆ. ಜೊತೆಗೆ ನಮ್ಮ ಬೇಸಿಗೆಯ ಧೂಳು. ಎಣ್ಣೆ, ಧೂಳು ಸೇರಿದರೆ ಸಾಣೆ ಹಿಡಿಯುವ ಮಸಿಯೇ ಸರಿ. ಹೊಲಿಗೆ ಮಿಷನ್ ಎಣ್ಣೆಯೂ ಆಗಬಹುದು, ತೆಳುವಾದ್ದರಿಂದ ಬೇಗ ಬೇಗ ಹಾಕಬೇಕಾಗುತ್ತದೆ ಅಷ್ಟೇ. ಮೊದಲು ಬಟ್ಟೆಯಿಂದ ಚೈನ್ ಒರೆಸಿ. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು ಪೆಡಲ್ ಹಿಂದಕ್ಕೆ ತಿರುಗಿಸಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಮತ್ತೆ ಒರೆಸಿಬಿಡಿ. ಎಣ್ಣೆ ಬೇಕಿರುವುದು ಪಿನ್ನಿನ ಒಳಗೆ. ಮೇಲೆ ಹೊಳೆಯುವ ಎಣ್ಣೆ ಧೂಳಿಗೆ ಕರೆಯೋಲೆ.

ಬೇರಿಂಗಿನದೂ ಇದೇ ಪಾಡು. ಚಕ್ರದ ನಡುವಿನ ಹಬ್ಬು, ಪೆಡಲ್ ತಿರುಗುವ ಜಾಗ, ಹ್ಯಾಂಡಲಿನ ಬುಡ, ಎಲ್ಲ ಕಡೆ ಬಟ್ಟಲಿನಂಥ ಕಪ್, ಅದರೊಳಗೆ ಕೂರುವ ಕೋನ್, ಮಧ್ಯೆ ಗುಂಡುಗಳು. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಗುಂಡು, ಮುಂದಿನದರಲ್ಲಿ ಅದಕ್ಕಿಂತ ಚಿಕ್ಕದು. ಗ್ರೀಸ್ ಒಣಗಿದ ಮೇಲೆ ಗುಂಡು ಸವೆಯುತ್ತದೆ, ಆಮೇಲೆ ಕೋನಿನ ಮೇಲೆ ಗುಳಿ ಬೀಳುತ್ತದೆ. ಗುಂಡು ಬದಲಾಯಿಸುವಾಗ ಹಳೇದರ ಜೊತೆ ಹೊಸದನ್ನು ಬೆರೆಸಬಾರದು, ಎಲ್ಲವನ್ನೂ ಒಟ್ಟಿಗೇ ಹಾಕಿಸಬೇಕು. ಅಷ್ಟೂ ಗುಂಡಿನ ಬೆಲೆ ಕೆಲವು ಹತ್ತು ರೂಪಾಯಿ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ, ಬಿಗಿ ನೋಡಿ ಕೂರಿಸುವುದಕ್ಕೆ ಅರ್ಧ ದಿನ. ಓವರಾಯಿಲಿಂಗಿಗೆ 600 ಅಂದಾಗ ನಮಗೆ ಕಾಣುವುದು ಗ್ರೀಸ್ ಡಬ್ಬಿ ಮಾತ್ರ, ಆ ಅರ್ಧ ದಿನ ಕಾಣುವುದಿಲ್ಲ.

ಇನ್ನು ಬ್ರೇಕ್ ರಬ್ಬರ್, ಮತ್ತು ಪೆಡಲಿನ ತೋಳನ್ನು (ಕ್ರ್ಯಾಂಕ್) ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು. ಎರಡೂ ಸಣ್ಣ ವಸ್ತು, ಎರಡೂ ದೊಡ್ಡದನ್ನು ತಿನ್ನುತ್ತವೆ. ರಬ್ಬರ್ ಪೂರ್ತಿ ಸವೆದರೆ ಅದನ್ನು ಹಿಡಿದಿರುವ ಲೋಹ ರಿಮ್ಮನ್ನು ಕೊರೆಯುತ್ತದೆ. ಪೆಡಲ್ ತುಳಿದಾಗ ಸುತ್ತಿಗೊಮ್ಮೆ 'ಟಕ್' ಅಂದರೆ ಕಾಟರ್ ಪಿನ್ ಸಡಿಲ. ಅದನ್ನು ಸುಮ್ನೆ ಬಿಟ್ಟರೆ ಕ್ರ್ಯಾಂಕಿನ ತೂತೇ ದೊಡ್ಡದಾಗುತ್ತದೆ.

ಊರಿನಿಂದ ಊರಿಗೆ ಖರ್ಚು ಬೇರೆ. ನಮಗೆ ಮುಳ್ಳು, ಧೂಳು. ಮಂಗಳೂರು, ಉಡುಪಿಯವರಿಗೆ ಮಳೆ ಮತ್ತು ಉಪ್ಪುಗಾಳಿ. ಅಲ್ಲಿ ಪಂಕ್ಚರಿಗಿಂತ ತುಕ್ಕು ಜಾಸ್ತಿ, ಸ್ಪೋಕಿನ ಬುಡವೇ ತುಕ್ಕು ಹಿಡಿದು ಮುರಿಯುತ್ತದೆ. ಮಲೆನಾಡಿನಲ್ಲಿ ಇಳಿಜಾರು, ಬ್ರೇಕ್ ರಬ್ಬರ್ ಎರಡು ತಿಂಗಳೂ ಬಾಳದಿರಬಹುದು. ಬೆಂಗಳೂರಿನವರಿಗೆ ಹಂಪು, ಹೊಂಡ. ರಿಮ್ ಔಟ್ ಆಗಿ ಚಕ್ರ ಅಡ್ಡಾಡುತ್ತಿದ್ದರೆ ಸ್ಪೋಕ್ ಬಿಗಿದು ಔಟ್ ತೆಗೆಯುವವರು ಬೇಕು. ಅದು ಕಣ್ಣು, ಕೈ ಎರಡೂ ಪಳಗಿದವರ ಕೆಲಸ. ಮಳೆಗಾಲ ಇರುವ ಕಡೆ ಓವರಾಯಿಲಿಂಗನ್ನು ಮಳೆ ಮುಗಿದ ಮೇಲೆ ಮಾಡಿಸಿ. ಮೊದಲೇ ಮಾಡಿಸಿದರೆ ಹೊಸ ಗ್ರೀಸೂ ನೀರಿನ ಜೊತೆ ಹೋಗುತ್ತದೆ.

ಗೇರ್ ಸೈಕಲ್ಲಿಗೆ ಬರೋಣ. ಈಗ ಹೈಸ್ಕೂಲಿನ ಮಕ್ಕಳು ಕೇಳುವುದು ಅದನ್ನೇ. ಮುಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್, 21 ಗೇರ್, 12 ಸಾವಿರ. ನೋಡಲು ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಮುಂದಿನ ಐದು ವರ್ಷದ ಖರ್ಚು ನಿಗದಿಯಾಗುವುದು ಕೊಳ್ಳುವ ದಿನವೇ. ಗೇರ್ ಚೈನು ತೆಳು, ಬೇಗ ಸವೆಯುತ್ತದೆ, ಬೆಲೆ ಮೂರು ನಾಲ್ಕು ಪಟ್ಟು. ಹಿಂದಿನ ಹಲ್ಲುಗಳ ಗುಚ್ಛ ಸಾದಾ ಫ್ರೀವೀಲಿನ ಹಾಗೆ 150-200ಕ್ಕೆ ಸಿಗುವುದಿಲ್ಲ. ಅಗ್ಗದ ಸೈಕಲ್ಲಿನ ಮುಂದಿನ ಶಾಕ್ ಎರಡು ವರ್ಷಕ್ಕೆ ಬಿಗಿದುಕೊಂಡು ಬರೀ ಭಾರವಾಗಿ ಉಳಿಯುತ್ತದೆ. ಹೆಸರಿಲ್ಲದ ಡಿಸ್ಕ್ ಬ್ರೇಕಿಗೆ ಪ್ಯಾಡ್ ಹುಡುಕಲು ಪೇಟೆ ಸುತ್ತಬೇಕು. ಚಪ್ಪಟೆ ಊರಿನಲ್ಲಿ ದಿನಕ್ಕೆ 8 ಕಿಲೋಮೀಟರ್ ಓಡಿಸುವವರಿಗೆ 21 ಗೇರ್ ಯಾಕೆ ಬೇಕು? ದಾವಣಗೆರೆಯಲ್ಲಿ ನಾನಂತೂ ಬೇಡ ಅನ್ನುತ್ತೇನೆ. ಮಡಿಕೇರಿಯವರು ಕೇಳಿದರೆ ಬೇಕು ಅನ್ನುತ್ತೇನೆ. ಒಂದು ಸಮಾಧಾನ: 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು.

ರಿಪೇರಿಯೇ ಬೇಡದ ಸೈಕಲ್ ಮಾಡಬಾರದಾ ಅಂತ ಕೇಳಬಹುದು. ಮಾಡಿದ್ದಾರೆ. ಚೀನಾದ ಮೊಬೈಕ್ ಕಂಪನಿ 2016ರಲ್ಲಿ ಶಾಂಘೈನಲ್ಲಿ ಇಳಿಸಿದ ಮೊದಲ ಬಾಡಿಗೆ ಸೈಕಲ್ಲಿಗೆ ಗಾಳಿ ಇಲ್ಲದ ಗಟ್ಟಿ ಟೈರು, ಚೈನಿನ ಬದಲು ಒಳಗೆ ತಿರುಗುವ ದಂಡ. ನಾಲ್ಕು ವರ್ಷ ಕೈ ಹಚ್ಚಬೇಕಿಲ್ಲ ಅನ್ನುವುದು ಅವರ ಗುರಿ. ಆದರೆ ಸೈಕಲ್ 25 ಕಿಲೋ ತೂಗಿತು, ತುಳಿಯುವುದು ಕಷ್ಟ ಅಂತ ಜನ ಗೊಣಗಿದರು. ಕಂಪನಿ ಆಮೇಲೆ ಹಗುರವಾದ ಬೇರೆ ಮಾದರಿ ತಂದಿತು. ರಿಪೇರಿಯ ಖರ್ಚನ್ನು ಉಳಿಸಿ ಅದನ್ನು ಸವಾರನ ಮೊಣಕಾಲಿಗೆ ವರ್ಗಾಯಿಸಿದ ಹಾಗಾಯಿತು.

ಈಗ ನನಗೆ ಸ್ವಲ್ಪ ಸಿಟ್ಟು ಬರುವ ವಿಷಯ. ಶಾಲಾ ಮಕ್ಕಳ ಸೈಕಲ್.

ನಮ್ಮ ರಾಜ್ಯದಲ್ಲಿ 2006-07ರಿಂದ 8ನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಾ ಬಂತು. ಕೊರೊನಾ ಕಾಲದಲ್ಲಿ ಅದು ನಿಂತಿತು. ಯೋಜನೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕೊಟ್ಟ ದಿನದ ಫೋಟೋಗಿದ್ದ ಉತ್ಸಾಹ ಟ್ಯೂಬಿಗೆ ಇರಲಿಲ್ಲ. ಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಲ್ಲ ಅನ್ನಿ. ಚಕ್ರ ಕೂತರೆ ಹೋಬಳಿಗೆ ಒಯ್ಯಬೇಕು. ಕೂಲಿಗೆ ಹೋಗುವ ಅಪ್ಪ ಅಮ್ಮನಿಗೆ ಅದಕ್ಕೊಂದು ದಿನ ಬಿಡುವಿಲ್ಲ. ಸೈಕಲ್ ಗೋಡೆಗೆ ಒರಗುತ್ತದೆ. ಗಾಳಿ ಇಲ್ಲದ ಟೈರು ಒಂದು ಬೇಸಿಗೆ ಬಿಸಿಲಲ್ಲಿ ನಿಂತರೆ ಮಡಿಕೆ ಬಿದ್ದಲ್ಲಿ ಸೀಳುತ್ತದೆ. 40 ರೂಪಾಯಿಯ ಪಂಕ್ಚರಿಗೆ ಶುರುವಾಗಿದ್ದು ಎರಡು ಟೈರು, ಎರಡು ಟ್ಯೂಬು, ಒಂದು ಚೈನಿಗೆ ಬರುತ್ತದೆ. ನಮ್ಮ ಸುತ್ತಲಿನ ಊರುಗಳಲ್ಲಿ ಹೀಗೆ ನಿಂತ ಸೈಕಲ್ಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆಫ್ರಿಕಾದ ಜಾಂಬಿಯಾದಲ್ಲೂ ದೂರದಿಂದ ಬರುವ ಶಾಲಾ ಹುಡುಗಿಯರಿಗೆ ಸೈಕಲ್ ಕೊಡುವ ಕಾರ್ಯಕ್ರಮ ಇದೆ. ನಡೆಸುವುದು ವರ್ಲ್ಡ್ ಬೈಸಿಕಲ್ ರಿಲೀಫ್ ಅನ್ನುವ ಸಂಸ್ಥೆ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸೈಕಲ್ ಹಂಚಿ 2005ರಲ್ಲಿ ಶುರುವಾದದ್ದು. ಅವರ ಸೈಕಲ್ಲಿನ ಹೆಸರು ಬಫೆಲೊ, ಗೇರ್ ಇಲ್ಲದ ಗಟ್ಟಿ ಸೈಕಲ್, ಹಿಂದಿನ ಕ್ಯಾರಿಯರಿನಲ್ಲಿ 100 ಕಿಲೋ ಹೊರುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಸೈಕಲ್ ಕೊಡುವ ಊರಿನ ಜನರಿಗೇ ರಿಪೇರಿ ಕಲಿಸಿ, ಪಾನಾ ಸೆಟ್ ಕೊಟ್ಟು, ಬಿಡಿಭಾಗ ಸಿಗುವ ಹಾಗೆ ಮಾಡುತ್ತಾರೆ. ಅಂದರೆ ಹಂಚುವ ಮೊದಲೇ ಮುಂದಿನ ಖರ್ಚಿನ ಬಗ್ಗೆ ಯೋಚನೆ ಮಾಡಿರುತ್ತಾರೆ. ನಮ್ಮಲ್ಲಿ ಮತ್ತೆ ಸೈಕಲ್ ಕೊಡುವ ಮಾತು ಬಂದಾಗ ನಾನು ಕೇಳುವುದು ಇಷ್ಟೇ. ಹತ್ತು ಸೈಕಲ್ಲಿನ ದುಡ್ಡಿನಲ್ಲಿ ಒಂದು ಹೈಸ್ಕೂಲಿಗೆ ಎರಡು ಪಂಪು, ಪಾನಾ ಸೆಟ್, ಪ್ಯಾಚ್, ಸಲ್ಯೂಷನ್, ಒಂದಷ್ಟು ಟ್ಯೂಬು ಬರುತ್ತವೆ. 9ನೇ ತರಗತಿಯ ಮಕ್ಕಳಿಗೆ ಪ್ಯಾಚ್ ಹಾಕಲು ಕಲಿಸಲು ಒಂದು ಮಧ್ಯಾಹ್ನ ಸಾಕು.

ಮೆಕ್ಯಾನಿಕ್ಕಿನ ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ನಮ್ಮೂರಲ್ಲಿ ಹಿಂದೆ ಬೀದಿಗೊಂದು ಸೈಕಲ್ ಶಾಪ್ ಇತ್ತು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲೇ ಅವರ ಸ್ಥಿರ ಆದಾಯ, ರಿಪೇರಿ ಮೇಲುಸಂಪಾದನೆ. ಬಾಡಿಗೆ ನಿಂತ ಮೇಲೆ ರಿಪೇರಿಯೊಂದೇ ಉಳಿಯಿತು. ಅದರಲ್ಲಿ ಹೊಟ್ಟೆ ತುಂಬಲಿಲ್ಲ. ಕೆಲವರು ಬೈಕ್ ಕಡೆ ಹೋದರು, ಮಕ್ಕಳು ಬೇರೆ ಕೆಲಸ ಹಿಡಿದರು. ಅವರನ್ನು ದೂರುವುದು ಹೇಗೆ? ಅರ್ಧ ದಿನದ ಓವರಾಯಿಲಿಂಗಿಗೆ 600 ಕೇಳಿದರೆ ನಾವು 400ಕ್ಕೆ ಇಳಿಸುತ್ತೇವೆ. ಅದರಲ್ಲಿ ಗ್ರೀಸು, ಗುಂಡು ಕಳೆದರೆ ಗಾರೆ ಕೆಲಸದ ಕೂಲಿಯೂ ಗಿಟ್ಟುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಪಂಕ್ಚರಿಗೆ ಎರಡು ಕಿಲೋಮೀಟರ್ ತಳ್ಳಿಕೊಂಡು ಹೋಗಿ, ಇಲ್ಲವೇ ಆಟೋದಲ್ಲಿ ಹಾಕಿಕೊಂಡು ಹೋಗಿ 100 ಕೊಡುತ್ತೇವೆ. ನನ್ನ ಅಭಿಪ್ರಾಯ ಕೇಳಿದರೆ ಸೈಕಲ್ ಕೂಲಿ ಈಗಿರುವುದು ಕಡಿಮೆಯೇ. ನಾನು ಮೊದಲು ಹೇಳಿದ 87 ಪೈಸೆ ಲೆಕ್ಕದಲ್ಲಿ ಪಂಕ್ಚರ್ 60, ಓವರಾಯಿಲಿಂಗ್ 900 ಅಂತ ಹಾಕಿ ನೋಡಿ. ಕಿಲೋಮೀಟರಿಗೆ 1 ರೂಪಾಯಿ 5 ಪೈಸೆ ಆಗುತ್ತದೆ. ಅಷ್ಟೇ ವ್ಯತ್ಯಾಸ.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು ಬಂದವು.

'ಎಲ್ಲವನ್ನೂ ಮನೆಯಲ್ಲೇ ಮಾಡಿಕೊಂಡರೆ ಎಷ್ಟು ಉಳಿಯುತ್ತದೆ?' ಅಂತ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು. ಪಂಕ್ಚರ್, ಚೈನಿಗೆ ಎಣ್ಣೆ, ಬ್ರೇಕ್ ರಬ್ಬರ್ ಇವನ್ನು ಖಂಡಿತ ಮಾಡಿಕೊಳ್ಳಮ್ಮ ಅಂದೆ. ಪ್ಲಾಸ್ಟಿಕ್ ಟೈರ್ ಲಿವರ್ ಎರಡು, ಪ್ಯಾಚ್ ಡಬ್ಬಿ, ಒಂದು ಪಾನಾ, ಪಂಪು. ವರ್ಷಕ್ಕೆ 300-400 ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಲಾಭ ಅಂದರೆ ರಾತ್ರಿ ಎಂಟಕ್ಕೆ ಚಕ್ರ ಕೂತರೂ ಬೆಳಿಗ್ಗೆ ಕಾಲೇಜು ತಪ್ಪುವುದಿಲ್ಲ. ರಿಮ್ ಔಟ್ ತೆಗೆಯುವುದು, ಹಬ್ಬು ಬಿಚ್ಚುವುದು ಮೆಕ್ಯಾನಿಕ್ಕಿಗೇ ಬಿಡು.

'ಬ್ಯಾಟರಿ ಸೈಕಲ್ ತಗೊಂಡರೆ ಹೇಗೆ?' ಇನ್ನೊಬ್ಬರ ಪ್ರಶ್ನೆ. ಕರೆಂಟಿನ ಖರ್ಚು ಲೆಕ್ಕಕ್ಕೆ ಬರುವಷ್ಟಿಲ್ಲ. ಆದರೆ ಬ್ಯಾಟರಿ ಕೆಲವು ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ, ಹೊಸದಕ್ಕೆ ಒಂದು ಸಾದಾ ಸೈಕಲ್ಲಿನ ಬೆಲೆ, ಕೆಲವು ಸಲ ಅದಕ್ಕಿಂತ ಜಾಸ್ತಿ. ಕೊಳ್ಳುವ ದಿನವೇ ಅಂಗಡಿಯಲ್ಲಿ ಬೇರೆ ಬ್ಯಾಟರಿಗೆ ಎಷ್ಟು, ಸಿಗುತ್ತದಾ ಅಂತ ಕೇಳಿ ಬರೆಸಿಕೊಳ್ಳಿ. ಭಾರ ಜಾಸ್ತಿಯಾದ್ದರಿಂದ ಬ್ರೇಕ್ ರಬ್ಬರೂ ಬೇಗ ಹೋಗುತ್ತದೆ.

ಕೊನೆಗೆ ಹಿರಿಯರೊಬ್ಬರು ಎದ್ದರು. ಅವರ ತಂದೆಯ ಕಾಲದ 28 ಇಂಚಿನ, ರಾಡ್ ಬ್ರೇಕಿನ ಸೈಕಲ್ ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿದೆಯಂತೆ. ಗುಜರಿಗೆ ಹಾಕೋಣವಾ, ರಿಪೇರಿ ಮಾಡಿಸೋಣವಾ? 'ಗುಜರಿಯವನು 300 ಕೊಡ್ತೀನಿ ಅಂತಾನೆ, ರಿಪೇರಿಗೆ 3,000 ಅಂತಾರೆ, ಯಾವ ಲೆಕ್ಕ ಸರಿ?' ಅಂದರು. ಮೊದಲು ಫ್ರೇಮ್ ನೋಡಿ ಅಂದೆ. ಪೆಡಲ್ ಹತ್ತಿರ ಕೊಳವೆಗಳು ಸೇರುವ ಜಾಗದಲ್ಲಿ ಮತ್ತು ಮುಂದಿನ ಫೋರ್ಕಿನ ಬುಡದಲ್ಲಿ ಬಿರುಕು ಇಲ್ಲದಿದ್ದರೆ, ತುಕ್ಕು ಮೇಲೆ ಮೇಲೆ ಇದ್ದರೆ, ಅದಕ್ಕೆ ಜೀವ ಇದೆ. ಆ ಸೈಕಲ್ಲಿನ ಸಾಮಾನು ಇವತ್ತಿಗೂ ಸಿಗುತ್ತದೆ, ಯಾಕೆಂದರೆ ಹಾಲು, ತರಕಾರಿ, ಗ್ಯಾಸ್ ಸಿಲಿಂಡರ್ ಹೊರುವವರು ಇನ್ನೂ ಅದನ್ನೇ ಓಡಿಸುತ್ತಿದ್ದಾರೆ. ನೀವು ಅಥವಾ ಮೊಮ್ಮಗ ನಿಜವಾಗಿ ತುಳಿಯುವುದಿದ್ದರೆ 3,000 ಹಾಕಿ, ನಾನು ಹೇಳಿದಷ್ಟು ಓಡಿಸಿದರೆ ಒಂದು ವರ್ಷದೊಳಗೆ ಪೆಟ್ರೋಲಿನಲ್ಲೇ ವಾಪಸ್ ಬರುತ್ತದೆ. ಒರೆಸಿ ಇಟ್ಟುಕೊಳ್ಳುವುದಕ್ಕಾದರೆ ಬೇಡ, ತುಳಿಯುವವರಿಗೆ ಕೊಟ್ಟುಬಿಡಿ. ಅಂಗಡಿಗೆ ಹೋಗುವ ಮೊದಲು ಟೈರಿನ ಪಕ್ಕದಲ್ಲಿರುವ ಅಳತೆ ಬರೆದುಕೊಂಡು ಹೋಗಿ. 28ರಲ್ಲೇ ಬೇರೆ ಬೇರೆ ರಿಮ್ ಇವೆ, ಅಳತೆ ತಪ್ಪಿದರೆ ತಂದ ಟೈರು ಕೂರುವುದಿಲ್ಲ.